ಹನ್ನೊಂದು ದುರಗಮ್ಮರನ್ನು ಉಳಿಸಿಕೊಂಡ ಕನಕಪ್ಪನವರು

ಗಂಗಾವತಿ ಸೀಮೆಯ ಭತ್ತ ಬೆಳೆಗಾರರ ಸಂಘಗಳಲ್ಲಿ ಕಂಪ್ಯೂಟರನ್ನು ನಂಬಿದವರು ಬಹಳ ಮಂದಿ. ಅದರ ಮೇಲೆ ಕಣ್ಣಿಟ್ಟು ಕಾದವರು ನಮ್ಮ ಸಂಘದ ಗುಮಾಸ್ತ ಕನಕಪ್ಪನವರು. ೧೯೯೭ರಲ್ಲಿ ಸಂಘಕ್ಕೆ ಮೊದಲ ಯಂತ್ರ ಬಂದಾಗ ಎಂಟು ಸಾವಿರ ಸದಸ್ಯರ ಹೆಸರುಗಳನ್ನು ಹಳೆಯ ದಫ್ತರದಿಂದ ಒಂದೊಂದಾಗಿ ಅದಕ್ಕೆ ಇಳಿಸಿದವರು ಅವರೇ.

ಅಲ್ಲಿಂದ ಅವರ ಪಾಡು ಶುರುವಾಯಿತು. ನಾಲ್ಕೈದು ವರ್ಷಕ್ಕೊಮ್ಮೆ ಒಂದು ಡೇಟಾಬೇಸ್ ಕಂಪನಿ ಬರುವುದು, ಹಿಂದಿನವರದನ್ನು ಗುಜರಿ ಎನ್ನುವುದು, ತನ್ನದನ್ನು ಮಾರಿ ಹೋಗುವುದು. ಹೆಸರುಗಳನ್ನೆಲ್ಲ ಮತ್ತೆ ಸಾಗಿಸುವ ಕೆಲಸ ಕನಕಪ್ಪನವರದು. "ಮನಿ ಬದಲ್ ಮಾಡೋರು ಅವರು, ಸಾಮಾನು ಹೊರಾಂವ ನಾನು" ಎಂದು ಗೊಣಗುತ್ತಲೇ ಹೊತ್ತರು.

೨೦೧೧ರಲ್ಲಿ ಎರಡು ಕಂಪನಿಗಳು ಒಟ್ಟಿಗೇ ಪೈಪೋಟಿಗೆ ಇಳಿದವು. ಪಟ್ಟಿಯಲ್ಲಿ ಎರಡೆರಡು ಸಲ ಬಂದ ಹೆಸರುಗಳನ್ನು ಹುಡುಕಿ ತೆಗೆದಿದ್ದೇವೆಂದು ಇಬ್ಬರೂ ಹೆಮ್ಮೆಪಟ್ಟರು. ಕನಕಪ್ಪನವರು ನೋಡಿದರೆ, ಒಂದೇ ಊರಿನ ಹನ್ನೊಂದು ಮಂದಿ ದುರಗಮ್ಮರು ಒಬ್ಬರಾಗಿದ್ದರು. ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಅದಕ್ಕೇ ದಫ್ತರದಲ್ಲಿ ಹೆಸರಿನ ಮುಂದೆ ಅವರ ಹೊಲಕ್ಕೆ ನೀರು ಬರುವ ಕಾಲುವೆ ತೂಬಿನ ನಂಬರು ಬರೆಯುವ ರೂಢಿ. ಕಂಪನಿಯವರು ಅದನ್ನು ಕಸವೆಂದು ಅಳಿಸಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆ ಮಳೆಗಾಲ ಸಂಘದಿಂದ ಬೀಜವಿಲ್ಲ.

ಕಾರ್ಯದರ್ಶಿ ದೇವೇಂದ್ರಪ್ಪನವರಿಗೆ ಅವಸರ. "ಪಟ್ಟಿ ಸರಿ ಐತಂತ ಒಪ್ಪಿಗಿ ಪತ್ರಕ್ಕ ಸಹಿ ಹಾಕ್ರಿ ಕನಕಪ್ಪ. ಬಿಟ್ಟವರ್ನ ಆಮ್ಯಾಲ ಸೇರಿಸಿದರಾತು."

"ನಾಟಿ ಮುಗದ ಮ್ಯಾಲೇನ್ರಿ ಸಾಹೇಬ್ರ?"

ಕಂಪನಿಗಳ ಪ್ರಾತ್ಯಕ್ಷಿಕೆಯ ದಿನ ಕನಕಪ್ಪನವರು ಹನ್ನೊಂದೂ ಮಂದಿಯನ್ನು ಟೆಂಪೊದಲ್ಲಿ ಸಂಘಕ್ಕೆ ಕರೆಸಿದರು. ಉಣ್ಣದೆ ಹೊರಟಿರುತ್ತಾರೆಂದು ಊಹಿಸಿ, ಕಂಪನಿಯವರಿಗಿಂತ ಮೊದಲು ಅವರಿಗೆ ಚಹಾ, ಮಂಡಕ್ಕಿ ಕೊಡಿಸಿದರು. ಆಮೇಲೆ, "ಈಗ ನಿಮ್ಮ ದುರಗಮ್ಮನ್ನ ಕರೀರಿ" ಎಂದರು.

ಮೊದಲ ಕಂಪನಿಯ ಯುವಕ ಕರೆದ. ಹನ್ನೊಂದು ಮಂದಿ ಎದ್ದರು.

"ಗಂಡನ ಹೆಸರು ಹೇಳಿ ಅಮ್ಮಾ."

ಅವರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಹಿರಿಯಳೊಬ್ಬಳು, "ನಿನ್ನ ಹೇಣ್ತಿ ಹೇಳ್ತಾಳೇನಪಾ? ಬ್ಯಾರೆ ಏನರೆ ಕೇಳು" ಎಂದಳು.

"ಯವ್ವಾ, ನಿಂದು ಯಾವ ತೂಬು?" ಎಂದರು ಕನಕಪ್ಪನವರು.

"ಒಂಬತ್ತನೇದು." "ನಂದು ಹದಿನಾಕು." ಒಬ್ಬೊಬ್ಬರಾಗಿ ಹನ್ನೊಂದು ಮಂದಿಯೂ ತಮ್ಮ ತಮ್ಮ ಹೊಲಕ್ಕೆ ಹೋಗಿ ನಿಂತಂತಾಯಿತು.

ಎರಡನೆಯ ಕಂಪನಿಯವರು ಅಂದೇ ಗಾಡಿ ಹತ್ತಿದರು. ಮೊದಲನೆಯವರು ಕುಳಿತು ತೂಬಿಗೊಂದು ಜಾಗ ಮಾಡಿಕೊಟ್ಟರು. ಆಮೇಲೆಯೇ ಕನಕಪ್ಪನವರ ಸಹಿ ಬಿದ್ದದ್ದು. ಹನ್ನೊಂದೂ ಹೊಲಗಳಲ್ಲಿ ಹೊತ್ತಿಗೆ ಸರಿಯಾಗಿ ನಾಟಿಯಾಯಿತು. ಸಹಿಗೆ ಸತಾಯಿಸಿದ್ದಕ್ಕೆ ಕನಕಪ್ಪನವರಿಗೆ ಆ ವರ್ಷ ಬರಬೇಕಿದ್ದ ಬಡ್ತಿ ಮಾತ್ರ ತಪ್ಪಿತು.

ಅವರು ನಿವೃತ್ತರಾದ ವಾರವೇ ಮತ್ತೊಂದು ಕಂಪನಿ ಬಂದು ಕುಳಿತಿದೆ. ಇನ್ನು ಹೆಸರುಗಳನ್ನೆಲ್ಲ ಕ್ಲೌಡ್ ಎಂಬ ಮೋಡದಲ್ಲಿ ಇಡುತ್ತಾರಂತೆ. ಅಂಥ ಪಟ್ಟಿಗಳ ಮೇಲೆ ಒಮ್ಮೆ ಕಣ್ಣಾಡಿಸುವಷ್ಟು ಆರೋಗ್ಯ, ಈ ಕಂಪನಿಯವರನ್ನೆಲ್ಲ ಬೈದು ಮುಗಿಸುವಷ್ಟು ಆಯುಷ್ಯ ಕನಕಪ್ಪನವರಿಗೆ ಇರಲಿ.