ಹಸಿ ಮರದ ಕಂಬ

ನನ್ನ ಮದುವೆ ಆ ಹಳೇ ರೈತಮನೆಯಲ್ಲೇ ಆಗಬೇಕೆಂದು ನಾನು ಹಟ ಹಿಡಿದಿದ್ದೆ. ಕೆಂಟನ್ ಎಂಬ ಇಂಗ್ಲಿಷ್ ಪೇಟೆಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ. ಓಕ್ ಮರದ ಚೌಕಟ್ಟು, ನಡುನಡುವೆ ಸುಣ್ಣ ಬಳಿದ ಗೋಡೆ, ಬೀದಿಯತ್ತ ಚಾಚಿದ ಮಹಡಿ. ಇಡೀ ಮನೆ ಒಂದು ಕಡೆಗೆ ವಾಲಿಕೊಂಡಿತ್ತು. ಅಲ್ಲಿನ ಕೌನ್ಸಿಲ್‌ನವರು ಅದನ್ನು ಸಮಾರಂಭಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ತೊಂಬತ್ತರ ದಶಕದ ಕೊನೆ ಅದು. ಕುಂದಾಪುರದಿಂದ ಬಂದು ಇಲ್ಲಿ ನೆಲೆಸಿದ ನಮ್ಮವರೆಲ್ಲ ಶಾಲೆಯ ಹಾಲ್‌ಗಳಲ್ಲಿ, ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಮಂಟಪ ಹಾಕುತ್ತಿದ್ದರು. ನನಗೆ ಆ ಗೆರೆಗಳು ಬೇಡವಾಗಿದ್ದವು.

ಅಮ್ಮನದು ಒಂದೇ ತಕರಾರು, ಮುಹೂರ್ತದ ಕಂಬ. ಹಸಿ ಮರ ಕಡಿದು ತಂದು, ನೆಟ್ಟು, ಪೂಜೆ ಮಾಡದೆ ಮದುವೆಯ ಯಾವ ಕೆಲಸವೂ ಶುರುವಾಗಕೂಡದು. ಬೇರೆಯವರು ಬಕೆಟ್ಟಿನ ಮರಳಿನಲ್ಲಿ ನಿಲ್ಲಿಸಿದ ಕಂಬಗಳನ್ನು ನೋಡಿ ಆಕೆ ಮೂಗು ಮುರಿದವಳು. ಈ ಮನೆಯಲ್ಲೋ ಅಂಗಳ ಅಗೆಯುವಂತಿಲ್ಲ, ಒಂದು ಮೊಳೆ ಹೊಡೆಯುವಂತಿಲ್ಲ.

"ಕಂಬ ನೆಡುಕೆ ಬಿಡದ್ ಮನಿ ಎಂತಕೆ? ಅಲ್ಲಿ ನಾ ಧಾರೆ ಎರುದಿಲ್ಲ," ಅಂದಳು. ಅಮ್ಮ ಒಮ್ಮೆ ಅಂದರೆ ಮುಗಿಯಿತು. ಅವಳಿಲ್ಲದ ಧಾರೆ ನನಗೂ ಬೇಡ.

ಒಮ್ಮೆ ಕಣ್ಣಾರೆ ನೋಡಿ ಬೇಡ ಅನ್ನು ಎಂದು ಗೋಗರೆದು ಕರೆದುಕೊಂಡು ಹೋದೆ. ಮನೆ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಹೆಂಗಸು ಉತ್ಸಾಹದಿಂದ ವಿವರಿಸಿದಳು. ನಾನು ಕನ್ನಡಕ್ಕೆ ತಿರುಗಿಸಿದೆ. ಒಂದು ಕಡೆ ಗೋಡೆಯ ಒಳಗು ಕಾಣುವಂತೆ ಬಿಟ್ಟಿದ್ದರು. ಹೆಣೆದ ಕಡ್ಡಿಗಳಿಗೆ ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದು.

"ಸಗಣಿಯಾ? ಹಂಗಾರೆ ನಮ್ಮೋರೇ," ಎಂದು ಅಮ್ಮ ನಕ್ಕಳು. ಅರ್ಧ ಗೆದ್ದೆ ಅಂದುಕೊಂಡೆ.

ಆಮೇಲೆ ಆ ಹೆಂಗಸು ಕಂಬ ಮತ್ತು ತೊಲೆ ಕೂಡುವ ಜಾಗ ತೋರಿಸಿದಳು. ಕಬ್ಬಿಣವೇ ಇಲ್ಲ, ಬರೀ ಮರದ ಗೂಟ. ಓಕ್ ಒಣಗಿದರೆ ಉಳಿ ನಾಟುವುದಿಲ್ಲ. ಅದಕ್ಕೇ ಕಡಿದ ಹಸಿ ಮರವನ್ನೇ ಕೆತ್ತಿ ನಿಲ್ಲಿಸುತ್ತಿದ್ದರಂತೆ. ಒಣಗುತ್ತಾ ಅದು ತಿರುಚಿಕೊಂಡು ಜೋಡಣೆ ಬಿಗಿಯಾಗುತ್ತದೆ, ಮನೆ ಹೀಗೆ ಸೊಟ್ಟಗಾಗುತ್ತದೆ.

"ಎಂತ ಅಂದ್ಳ್? ಹಸಿ ಮರವಾ?"

ಹೌದೆಂದೆ. ಅಮ್ಮ ಒಲೆಯ ಪಕ್ಕದ ದಪ್ಪ ಕಂಬಕ್ಕೆ ಅಂಗೈ ಒತ್ತಿ ಬುಡದಿಂದ ತೊಲೆಯವರೆಗೆ ಕಣ್ಣಾಡಿಸಿದಳು.

"ಹಸಿ ಮರ ಕಡ್ದ್ ತಂದ್ ನಿಲ್ಸಿದ್ರ್ ಅಲ್ದಾ? ಮತ್ತೆಂತ ಬೇಕ್? ನಾವ್ ಬಪ್ಪುಕೆ ತಡ ಮಾಡಿದ್ದ್, ಅಷ್ಟೇ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಮೊದಲನೆಯದನ್ನು ಯಾರೋ ಇಂಗ್ಲಿಷ್ ಬಡಗಿಗಳು ಮುಗಿಸಿಟ್ಟಿದ್ದರು. ಮರಕ್ಕೆ ಕುಂಕುಮ ಹಚ್ಚಬಾರದೆಂದು ಕೌನ್ಸಿಲ್‌ನವರು ಹೇಳಿದ್ದರಿಂದ ಅಮ್ಮ ಆ ಕಂಬಕ್ಕೆ ಮಾವಿನೆಲೆಗಳನ್ನು ನೂಲಿನಿಂದ ಕಟ್ಟಿ ಪೂಜೆ ಮಾಡಿದಳು. ನೂಲಿನ ಇನ್ನೊಂದು ತುದಿ ಹಿಡಿದವಳು ಆ ಹೆಂಗಸೇ.

ಮುಹೂರ್ತಕ್ಕೆ ಅಪ್ಪ ನನ್ನ ಕೈ ಹಿಡಿದು ಮದುಮಗನ ಕೈಯಲ್ಲಿಟ್ಟ. ಅಮ್ಮ ಗಿಂಡಿ ಬಗ್ಗಿಸಿ ಧಾರೆ ಎರೆದಳು, ಧಾರಾಳವಾಗಿಯೇ. ನೀರು ನಮ್ಮ ಕೈಗಳಿಂದ ಇಳಿದು ಇಟ್ಟಿಗೆಯ ನೆಲದ ಮೇಲೆ ಹರಿಯಿತು. ಖುಷಿ ತಡೆಯಲಾಗದೆ ನಾನು ಅತ್ತುಬಿಟ್ಟೆ.