ಲಡಾಯಿ ಊರಿನ ಬಾಗಿಲು

ಉಳ್ಳವರನ್ನು ಕಂಡು ಹೊಟ್ಟೆ ಉರಿಯುವುದು ಲೋಕರೂಢಿ. ಮನೆಮಠ ಕಳಕೊಂಡವರನ್ನು ನೆನೆದು ಹೊಟ್ಟೆ ಉರಿಸಿಕೊಂಡವಳು ನಾನೊಬ್ಬಳೇ ಇರಬೇಕು.

ಆಗ ನಾನು ಕಾರವಾರ ಬಂದರಿನ ಹತ್ತಿರದ ಗೋದಾಮಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ದಿನಾ ಬೆಳಿಗ್ಗೆ ಅವರ್ಸಾದಲ್ಲಿ ಬಸ್ಸು ಹತ್ತಬೇಕು. ಯುದ್ಧ ಮುಗಿದ ಯಾವುದೋ ದೇಶದಲ್ಲಿ ಹೊಸ ಮನೆಗಳನ್ನು ಕಟ್ಟುತ್ತಿದ್ದರು. ಅವಕ್ಕೆ ಬೇಕಾದ ಬಾಗಿಲು, ಕಿಟಕಿ, ತಗಡು ಇಲ್ಲಿಂದ ಹಡಗೇರುತ್ತಿದ್ದವು. ಆ ದೇಶದ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ‘ಲಡಾಯಿ ಊರು’ ಎನ್ನುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಮುಂಬಾಗಿಲುಗಳು. ಒರೆಸಿ, ಮೂಲೆಗೆ ರಟ್ಟು ಕೊಟ್ಟು, ಫೋಮ್ ಸುತ್ತಿ, ಮೇಲೆ ಮನೆಯ ನಂಬರಿನ ಚೀಟಿ ಅಂಟಿಸಬೇಕು. ಒಂದು ಮನೆಗೆ ಒಂದು ಬಾಗಿಲು.

ನನ್ನ ಮನೆಗೆ ಮುಂಬಾಗಿಲಿರಲಿಲ್ಲ. ಗಂಡ ಮತ್ತು ಭಾವ ಹಿಸೆಯಾದಾಗ ಮನೆಯ ನಡುವೆ ಗೋಡೆ ಎಬ್ಬಿಸಿದರು. ಜಗುಲಿ, ಮುಂಬಾಗಿಲು ಭಾವನಿಗೆ. ಅಡುಗೆಮನೆ, ಹಿತ್ತಿಲು ನಮಗೆ. ಹಿತ್ತಿಲಲ್ಲಿ ತೆಂಗಿನ ಮರ ಹೆಚ್ಚಿವೆಯೆಂದು ನನ್ನ ಗಂಡ ಖುಷಿಯಲ್ಲಿ ಒಪ್ಪಿಬಿಟ್ಟ. ಗಂಡಸರಿಗೆ ಮರ ಕಾಣುತ್ತದೆ, ಬಾಗಿಲು ಕಾಣುವುದಿಲ್ಲ. ಅಂದಿನಿಂದ ನಮ್ಮ ನೆಂಟರೆಲ್ಲ ಮನೆ ಸುತ್ತು ಹಾಕಿ, ಬಚ್ಚಲ ನೀರು ದಾಟಿ, ಅಡುಗೆಮನೆಯಿಂದ ಒಳಗೆ ಬರುತ್ತಿದ್ದರು. ಅಲ್ಲಿ ಬಾಗಿಲೆಂದರೆ ಅರ್ಧ ತಗಡು, ಅರ್ಧ ಗೋಣಿಚೀಲ. ಭಾವನ ಹೆಂಡತಿ, ನನ್ನ ವಾರಗಿತ್ತಿ, ಹಲಸಿನ ಮರದ ಆ ಹಳೇ ಮುಂಬಾಗಿಲಿಗೆ ದಿನಾ ಸಂಜೆ ದೀಪ ಹಿಡಿಯುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂಥವಳ ಕೈಗೆ ದಿನಕ್ಕೆ ಇಪ್ಪತ್ತು ಹೊಸ ಬಾಗಿಲು ಕೊಟ್ಟರೆ ಏನಾಗಬೇಕು? ಪ್ರತಿ ನಂಬರಿನ ಹಿಂದೆ ಒಬ್ಬ ಹೆಂಗಸನ್ನು ಕಲ್ಪಿಸಿಕೊಂಡು ಅವಳ ಮೇಲೆ ಕರುಬುತ್ತಿದ್ದೆ. ಅವಳ ಗಂಡ ಸತ್ತಿರಬಹುದು, ಮಕ್ಕಳು ಸತ್ತಿರಬಹುದು. ಅದೆಲ್ಲ ಗೊತ್ತಿತ್ತು. ಆದರೂ ಬಾಗಿಲು ಅವಳದಾಯಿತಲ್ಲ ಎಂಬುದೇ ಮೇಲೆ ಬರುತ್ತಿತ್ತು.

ಗೀರು ಬಿದ್ದ ಬಾಗಿಲನ್ನು ತಪಾಸಣೆಯವನು ಬದಿಗೆ ತೆಗೆದಿಡುತ್ತಿದ್ದ. ಶನಿವಾರ ಅಂಥವನ್ನು ಗೇಟಿನ ಹೊರಗೆ ನಿಲ್ಲಿಸಿ ಸಸ್ತಾದಲ್ಲಿ ಮಾರುತ್ತಿದ್ದರು. ಮೇ ತಿಂಗಳ ಒಂದು ಶುಕ್ರವಾರ ನಾನು ಬಿಜಾಗರಿಯ ಚೂಪು ಮೂಲೆಯಿಂದ ಒಂದು ಬಾಗಿಲಿಗೆ ಗೀರಿದೆ. ಗೇಣುದ್ದ. ತಪಾಸಣೆಯವನು ಅಂಗೈ ಆಡಿಸಿ ನೋಡಿ, ತಲೆ ಅಲ್ಲಾಡಿಸಿ, ಅದನ್ನು ಬದಿಗಿಡಿಸಿದ.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಸಂಜೆ ಬಾವಿಕಟ್ಟೆಯಲ್ಲಿ ವಾರಗಿತ್ತಿಯ ಮುಂದೆ ಜಂಬ ಕೊಚ್ಚಿದೆ.

“ನಾಳೆ ನಮ್ಮನಿಗೂ ಬಾಗ್ಲ ಬತ್ತದೆ. ಫಾರಿನ್ನಿಗೆ ಹೋಗೂ ಮಾಲು. ಗೋದಾಮಿನ ಗೇಟಿನಲ್ಲೇ ಸಿಕ್ತದೆ.”

“ಹೌದೆ?” ಎಂದಳು ಅವಳು, ಅಷ್ಟೇ.

ಶನಿವಾರ ಲೋಡಿಂಗ್ ಇತ್ತು, ಐದರವರೆಗೆ ಹೊರಗೆ ಬಿಡುವ ಹಾಗಿರಲಿಲ್ಲ. ಮಧ್ಯಾಹ್ನ ಸೂಪರ್‌ವೈಸರ್ ಪಟ್ಟಿ ಹಿಡಿದುಕೊಂಡು ಗೊಣಗಿದ: “ಒಂದ್ ನಂಬರಿಗೆ ಬಾಗ್ಲ ಕಮ್ಮಿ ಬಿತ್ತು. ಜಾಸ್ತಿ ತಂದದ್ದೆಲ್ಲ ಖಾಲಿ ಆಗ್ಯದೆ. ಇನ್ ಮುಂದಿನ ಹಡಗು ಮಳೆಗಾಲ ಕಳೆದ ಮೇಲೇ.”

ಗೀರಿದ್ದಕ್ಕೆ ಬದಲಿ ಬಾಗಿಲು ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಆಮೇಲೆ, ನಾನು ಎಷ್ಟು ಮಳೆಗಾಲ ಗೋಣಿ ಕಟ್ಟಿಕೊಂಡು ಕಳೆದಿಲ್ಲ, ಅವಳೂ ಒಂದು ಕಳೆಯಲಿ ಎಂದು ಸಮಾಧಾನ ಮಾಡಿಕೊಂಡೆ. ಐದು ಗಂಟೆಗೆ ಗೇಟಿಗೆ ಓಡಿದರೆ ಬಾಗಿಲಿಲ್ಲ. ಟೆಂಪೋದವನೊಬ್ಬ ಬೆಳಿಗ್ಗೆಯೇ ಒಯ್ದನೆಂದು ಕಾವಲಿನವನು ಹೇಳಿದ. ನಮ್ಮ ಭಾವನಿಗೆ ಟೆಂಪೋ ಇದೆ. ಬಸ್ಸಿನಲ್ಲಿ ಅವರ್ಸಾ ಬರುವವರೆಗೂ ವಾರಗಿತ್ತಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಇದ್ದ ಒಂದು ಬಾಗಿಲು ಸಾಲದೇ ಅವಳಿಗೆ?

ಭಾನುವಾರ ಬೆಳಿಗ್ಗೆ ನನ್ನ ಒಲೆಯ ಮೇಲೆ ಮಣ್ಣು ಉದುರತೊಡಗಿತು. ಅವಳು ಬಡಗಿಯನ್ನು ಕರೆಸಿ ಆ ಬದಿಯಿಂದ ನಡುಗೋಡೆ ಒಡೆಸುತ್ತಿದ್ದಳು. ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೋದೆ. ಗೋಡೆ ಒಡೆದ ಕಂಡಿಯ ಆಚೆ ಅವಳು, ತಲೆ ತುಂಬ ಧೂಳು, ಪಕ್ಕದಲ್ಲಿ ಆ ಗೀರಿದ ಬಾಗಿಲು.

“ಕೂಗ್ಬೇಡ್ವೆ. ಮಳೆ ಬರೂಕಾಯ್ತು. ನೀ ನೆನೀತಾ ಮನಿ ಸುತ್ತಾಕಿ ಬರೂದು ಎಷ್ಟ್ ವರ್ಷ ನೋಡೂದು? ನಿನ್ ಬಾಗ್ಲ ಇಲ್ಲಿ ಹಾಕ್ಸ್ತೆ. ಇನ್ನು ಜಗುಲಿ ಮೇಲಿಂದಲೇ ಬಾ. ಚಿಲಕ ನಿನ್ನ ಬದಿಗೇ ಇರ್ಲಿ.”

ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು, ಇಲ್ಲವೇ ಕೈ ಹಿಡಿಯುತ್ತಿದ್ದರು. ನನಗೆ ಬಂದದ್ದು ಮತ್ತೂ ದೊಡ್ಡ ಹೊಟ್ಟೆಕಿಚ್ಚು. ಬಾಗಿಲೂ ಅವಳದೇ, ಈಗ ದೊಡ್ಡ ಮನಸ್ಸೂ ಅವಳದೇ. ಅವಳ ಆ ಸಂತೋಷವನ್ನು ಹಾಳು ಮಾಡಬೇಕೆಂದೇ, ಪಶ್ಚಾತ್ತಾಪದಿಂದ ಅಲ್ಲ, ನಿಜ ಹೇಳಿದೆ.

“ಅದಕ್ಕೆ ಗೀರಿದವಳು ನಾನೇ. ಲಡಾಯಿಲಿ ಮನಿ ಹೋದವಳ ಬಾಗ್ಲ ಅದು. ಅವಳಿಗೆ ಇನ್ನು ಮಳೆಗಾಲ ಕಳಿಯೂವರಿಗೂ ಬಾಗ್ಲಿಲ್ಲ. ಹಾಕ್ಸು ಈಗ.”

ಅವಳು ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ಬಡಗಿಗೆ ಉಳಿ ಕೆಳಗಿಡಲು ಹೇಳಿ, ಗಂಡನನ್ನು ಕರೆದು, ಬಾಗಿಲನ್ನು ಮತ್ತೆ ಟೆಂಪೋಗೆ ಏರಿಸಿದಳು. ಸೋಮವಾರ ಹಡಗು ಹೊರಡುವ ಮೊದಲು ಭಾವ ಅದನ್ನು ಗೋದಾಮಿಗೆ ಮುಟ್ಟಿಸಿದ. ನಮಗೆ ಅಳತೆ ಸರಿಬರಲಿಲ್ಲ ಎಂದನಂತೆ. ಇಲ್ಲದ್ದಕ್ಕಿಂತ ಗೀರಿದ್ದೇ ವಾಸಿ ಎಂದು ಸೂಪರ್‌ವೈಸರ್ ಅದಕ್ಕೇ ನಂಬರು ಹಚ್ಚಿಸಿದ. ಫೋಮ್ ಸುತ್ತಿದವಳು ನಾನೇ. ‘ನಿಮ್ಮ ಭಾವ ಒಳ್ಳೇ ಜನ’ ಎಂದು ಅವನು ನನ್ನೆದುರೇ ಹೊಗಳಿದಾಗ ಹೌದೆಂದು ತಲೆ ಆಡಿಸಬೇಕಾಯಿತು.

ನನ್ನ ಕೆಲಸ ಉಳಿಯಿತು. ಅವಳು ಆ ಸಂಗತಿಯನ್ನು ಊರಲ್ಲಿ ಎಲ್ಲೂ ಆಡಲಿಲ್ಲ, ನನ್ನ ಗಂಡನಿಗೂ ಹೇಳಲಿಲ್ಲ. ಆಡಿದ್ದರೆ ಅವಳನ್ನು ಚಾಡಿಕೋರಿ ಎಂದಾದರೂ ಅನ್ನಬಹುದಿತ್ತು.

ಒಡೆದ ಗೋಡೆಯನ್ನು ಯಾರೂ ಮುಚ್ಚಲಿಲ್ಲ. ಈಗ ನಮ್ಮ ನೆಂಟರು ಮುಂಬಾಗಿಲಿಂದಲೇ ಬಂದು, ಅವಳ ಜಗುಲಿಯಲ್ಲಿ ನೀರು ಕುಡಿದು, ಆ ಕಂಡಿಯಿಂದ ನಮ್ಮಲ್ಲಿಗೆ ಬರುತ್ತಾರೆ. ಅವಳು ಮೀನು ಹುರಿದ ದಿನ ಬಟ್ಟಲು ಹಿಡಿದು ಅದೇ ಕಂಡಿಯಲ್ಲಿ ನಿಂತು ನನ್ನನ್ನು ಕರೆಯುತ್ತಾಳೆ. ನಾನು ಎದ್ದು ಹೋಗಿ ಇಸಿದುಕೊಳ್ಳುತ್ತೇನೆ, ತಿನ್ನುತ್ತೇನೆ, ಹೊಟ್ಟೆ ಉರಿಸಿಕೊಳ್ಳುತ್ತೇನೆ. ಅಲ್ಲಿಗೊಂದು ಬಾಗಿಲು ಹಾಕಿಸೋಣ ಎಂದು ಅವಳು ಕೇಳಿಲ್ಲ. ನಾನೂ ಕೇಳಿಲ್ಲ.