ಪ್ರೇಮಾವತಿಗೆ ನಾನು ಕೊಟ್ಟ ಅಂಕಗಳು

ಪ್ರೇಮಾವತಿ ಬಾರ್ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾದದ್ದು ನನ್ನಿಂದ. ಹಾಗೆಲ್ಲ ಅನ್ನಬೇಡ ಅಂತ ನಮ್ಮ ಯಜಮಾನರು ದಿನಾ ಹೇಳುತ್ತಾರೆ. ಅವರಿಗೇನು, ಆ ಉತ್ತರಪತ್ರಿಕೆಗಳನ್ನು ತಿದ್ದಿದವಳು ನಾನು.

ದೋಹಾದ ಅಲ್ ಮುಂತಜಾದಲ್ಲಿ ನಮ್ಮದು ಹಳೇ ಕಟ್ಟಡ. ಲಿಫ್ಟು ಮನಸ್ಸು ಬಂದ ದಿನ ಓಡುತ್ತದೆ. ಎರಡನೇ ಮಹಡಿಯಲ್ಲಿ ಮೈಸೂರಿನವರಾದ ನಾವು, ಮೂರನೆಯದರಲ್ಲಿ ಪ್ರೇಮಾವತಿ, ಅವಳ ಗಂಡ ಶರಣ್, ಒಬ್ಬಳು ಮಗಳು. ಪ್ರೇಮಾವತಿ ಕಾರ್ಕಳದ ಕಡೆಯ ತುಳು ಮನೆಯ ಹುಡುಗಿ. ಉಡುಪಿಯಲ್ಲಿ ಲಾ ಓದಿದ್ದಳು. ಕೋರ್ಟಿನಲ್ಲಿ ನಿಂತು ವಾದ ಮಾಡಲು ಬಾರ್ ಪರೀಕ್ಷೆ ಪಾಸಾಗಬೇಕು. ಅದನ್ನು ಒಮ್ಮೆ ಬರೆದು, ಫೇಲಾಗಿ, ಮದುವೆಯಾಗಿ ಇಲ್ಲಿಗೆ ಬಂದಳು. ಹನ್ನೆರಡು ವರ್ಷದಿಂದ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಕರಾರುಪತ್ರಗಳನ್ನು ಓದಿ ತಪ್ಪು ಹುಡುಕುವುದೇ ಅವಳ ಕೆಲಸ. ಹುಡುಕುವುದು ಇವಳು, ಸಹಿ ಹಾಕಿ ಹೆಸರು ತೆಗೆದುಕೊಳ್ಳುವುದು ಟೈ ಕಟ್ಟಿದ ಇನ್ನೊಬ್ಬ. ನನಗೆ ಅವನನ್ನು ಕಂಡರೇ ಆಗುತ್ತಿರಲಿಲ್ಲ. ಅವಳು ಮಾತ್ರ ನಗುತ್ತಿದ್ದಳು.

ಹೋದ ವರ್ಷ ಉಡುಪಿಯಿಂದ ಅವಳ ಹಳೆಯ ಗೆಳತಿ ಶರ್ಮಿಳಾ ಫೋನ್ ಮಾಡಿದಳು. ಅವಳು ಅಲ್ಲಿ ಹೆಸರು ಮಾಡಿದ ವಕೀಲೆ. ಆಫೀಸಿನಲ್ಲಿ ಜೂನಿಯರ್ ಜಾಗ ಖಾಲಿಯಿದೆ, ಈ ಸಲದ ಪರೀಕ್ಷೆ ಪಾಸ್ ಮಾಡಿಕೊಂಡು ಬಂದರೆ ನಿನಗೇ, ಅಲ್ಲಿಯವರೆಗೆ ಮಾತ್ರ ಇಟ್ಟಿರುತ್ತೇನೆ ಅಂದಳಂತೆ. ಪ್ರೇಮಾವತಿ ಆ ದಿನ ಮೆಟ್ಟಿಲನ್ನು ಎರಡೆರಡಾಗಿ ಹಾರಿ ನಮ್ಮ ಮನೆಗೆ ಬಂದಳು. ಮೂವತ್ತೆಂಟು ವಯಸ್ಸಿನ ಹೆಂಗಸು!

"ಅಕ್ಕ, ಪ್ರತಿ ಶುಕ್ರವಾರ ಹಳೇ ಪೇಪರ್ ಬರೀತೇನೆ. ನೀವು ಟೈಮ್ ನೋಡಿ ತಿದ್ದಿ ಕೊಡ್ಬೇಕು. ಮನೆಯಲ್ಲಿ ಶರಣ್ ಇದ್ದಾರೆ, ಆದರೆ ಅವರು ಮೆದು. ನೀವಾದ್ರೆ ಕಟ್ಟುನಿಟ್ಟು."

ಅದು ನಿಜ. ಇಲ್ಲಿನ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದೇನೆ. ಅರ್ಧ ಅಂಕ ಕೇಳಿಕೊಂಡು ಬಂದ ಅಪ್ಪ ಅಮ್ಮಂದಿರನ್ನು ಬಾಗಿಲಿನಿಂದಲೇ ಕಳಿಸಿದವಳು. ಚೂಡಾಮಣಿ ಮಿಸ್ ಅಂದರೆ ಮಕ್ಕಳಿಗೆ ಹೊಟ್ಟೆನೋವು ಬರುತ್ತಿತ್ತು, ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಊಟದ ಮೇಜು ಪರೀಕ್ಷಾ ಹಾಲ್ ಆಗುತ್ತಿತ್ತು. ಮೂರೂವರೆ ಗಂಟೆ, ನೂರು ಪ್ರಶ್ನೆ, ನಲವತ್ತೈದು ಬಂದರೆ ಪಾಸ್. ಕಾನೂನಿನ ಮೂಲ ಪುಸ್ತಕಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಎಲ್ಲವನ್ನೂ ತೆರೆದು ನೋಡುತ್ತ ಕೂತರೆ ಟೈಮ್ ಸಾಲುವುದಿಲ್ಲ, ಗೊತ್ತಿಲ್ಲದ್ದನ್ನು ಮಾತ್ರ ತೆರೆಯಬೇಕು. ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಅನ್ನುವುದನ್ನು ತಿಳಿಯಲಿಕ್ಕೇ ಈ ಹಳೇ ಪೇಪರುಗಳು ಅಂತ ಅವಳೇ ನನಗೆ ಹೇಳಿಕೊಟ್ಟಿದ್ದಳು. ಉತ್ತರಗಳ ಪಟ್ಟಿ ನನ್ನ ಹತ್ತಿರ ಇರುತ್ತಿತ್ತು. ನಾನು ಕೆಂಪು ಪೆನ್ನಿನಿಂದ ತಪ್ಪು ಹಾಕಿದ್ದನ್ನು ಅವಳು ವಾರವಿಡೀ ಕೂತು ಓದುತ್ತಿದ್ದಳು. ಸರಿ ಹಾಕಿದ್ದರ ಕಡೆ ತಿರುಗಿ ನೋಡುತ್ತಿರಲಿಲ್ಲ. "ಅದು ಖಲಾಸ್ ಅಕ್ಕ," ಅನ್ನುತ್ತಿದ್ದಳು.

ಮೊದಲ ವಾರ ಮೂವತ್ತೇಳು. ಎರಡನೇ ವಾರ ಮೂವತ್ತೆಂಟು. ಅವಳು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನೀರಿನ ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ ಅಂದುಕೊಂಡಿದ್ದಳು, ಪಾಪ.

ಮೂರನೇ ವಾರ ನಲವತ್ತೊಂದು ಬಂತು. ನಾನು ಕೂಡಿಸಿ ನೋಡಿದೆ, ಅವಳ ಮುಖ ನೋಡಿದೆ, ನಾಲ್ಕು ತಪ್ಪು ಉತ್ತರಗಳಿಗೆ ಸರಿ ಹಾಕಿಬಿಟ್ಟೆ. "ನಲವತ್ತೈದು ಕಣೇ!" ಅಂದೆ. ಅವಳು ನನ್ನನ್ನು ತಬ್ಬಿಕೊಂಡಳು. ಆ ಖುಷಿ ನೋಡಿದ ಮೇಲೆ ಮುಂದಿನ ವಾರಗಳಲ್ಲೂ ಕೈ ತಡೆಯಲಿಲ್ಲ. ಧೈರ್ಯ ಬಂದರೆ ಓದು ತಾನಾಗಿ ಬರುತ್ತದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾರ ಮಕ್ಕಳಿಗೂ ಮಾಡದ ಕೆಲಸ ಅದು.

ಅವಳು ರಜೆ ಹಾಕಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದಳು. ಚೆನ್ನಾಗಾಯಿತು ಅಂದಳು. ಫಲಿತಾಂಶದಲ್ಲಿ ಫೇಲ್ ಅಂತಿತ್ತು. ಸರಿಯುತ್ತರಗಳ ಪಟ್ಟಿ ಹಿಡಿದು ತಾನೇ ಎಣಿಸಿದಾಗ ನಲವತ್ತನಾಲ್ಕು. ಒಂದೇ ಒಂದು ಕಡಿಮೆ. ಶರ್ಮಿಳಾ ನೊಂದುಕೊಂಡೇ ಆ ಜಾಗವನ್ನು ಬೇರೆ ಹುಡುಗಿಗೆ ಕೊಟ್ಟಳು.

ಹತ್ತು ದಿನ ಪ್ರೇಮಾವತಿ ಕೆಳಗಿಳಿಯಲಿಲ್ಲ. ಹನ್ನೊಂದನೇ ದಿನ ಸಂಜೆ ಹಳೆಯ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಬಂದು ಮೇಜಿನ ಮೇಲಿಟ್ಟಳು.

"ಕೇವಿಯಟ್ ಎಷ್ಟು ದಿನ ಇರ್ತದೆ ಅಂತ ಒಂದು ಪ್ರಶ್ನೆ ಬಂತು ಅಕ್ಕ," ಅಂದಳು. ನನಗೆ ತಿಳಿಯದ ವಿಷಯ ಅಂತ ಬಿಡಿಸಿಯೂ ಹೇಳಿದಳು. ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಮೊದಲೇ ಹಾಕಿಡುವ ಅರ್ಜಿಯಂತೆ. "ತೊಂಬತ್ತು ದಿನ. ನಾನು ಅರವತ್ತು ಅಂತ ಹಾಕಿದೆ. ಪುಸ್ತಕ ಕೈಯಲ್ಲೇ ಇತ್ತು, ತೆರೀಲೇ ಇಲ್ಲ. ಇಲ್ಲಿ ಅರವತ್ತು ಅಂತ ಬರ್ದಾಗ ನೀವು ಸರಿ ಹಾಕಿದ್ರಲ್ಲ."

ನಾನು ಕಟ್ಟಿನ ಮೇಲಿನ ಹಾಳೆ ಎಳೆದುಕೊಂಡು ನನ್ನ ಕೆಂಪು ಗುರುತುಗಳನ್ನು ನೋಡಿದೆ.

"ಮೊದ್ಲು ನಿಮ್ಮ ಕಣ್ಣಿನ ತೊಂದರೆ ಅಂತ ಅಂದ್ಕೊಂಡೆ. ಎಲ್ಲ ಕೂತು ನೋಡಿದೆ. ಇಪ್ಪತ್ತಾರು ಕಡೆ ಹಾಗೆ ಉಂಟು. ಇಪ್ಪತ್ತಾರೂ ನನಗೆ ಅಂಕ ಬರುವ ಹಾಗೇ ಉಂಟು. ಒಂದಾದ್ರೂ ಆಚೆ ಕಡೆ ತಪ್ಪಿಲ್ಲ."

"ನೀನು ಅಳ್ತಿದ್ದೆ ಕಣೇ. ನೋಡಕ್ಕಾಗ್ಲಿಲ್ಲ. ತಪ್ಪಾಯ್ತು ನನ್ನಿಂದ," ಅಂದೆ. ಗಣಿತದ ಟೀಚರಾಗಿ ನನ್ನ ಗಂಟಲಿನಿಂದ ಆ ಮಾತು ಹೊರಟದ್ದು ಅದೇ ಮೊದಲು.

"ಅತ್ತದ್ದು ಹೌದು ಅಕ್ಕ. ಅತ್ತು ಮುಖ ತೊಳ್ದು ಬಂದು ಮತ್ತೆ ಕೂತಿದ್ದೆ ಅಲ್ವಾ? ಅದು ನಿಮಗೆ ಕಾಣ್ಲಿಲ್ಲ."

ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಕೂಗಲಿಲ್ಲ. ನಾನು ಕೊಟ್ಟ ಚಹಾ ಕುಡಿದಳು, ಲೋಟ ತೊಳೆದಿಟ್ಟಳು. ಮುಂದಿನ ಪರೀಕ್ಷೆಗೂ ಅರ್ಜಿ ಹಾಕುತ್ತೇನೆ ಅಂದಳು. ಕೆಲಸ ಎಲ್ಲಿ ಸಿಗುತ್ತದೋ ಗೊತ್ತಿಲ್ಲ, ಪಾಸಂತೂ ಆಗಬೇಕಂತೆ. ನನಗೆ ಜೀವ ಬಂದ ಹಾಗಾಯಿತು.

"ಹಾಗಾದ್ರೆ ಶುಕ್ರವಾರ ಎಂಟಕ್ಕೆ ಬರ್ತೀಯಾ?"

"ಒಂದು ಗಂಟೆಗೆ ಬರ್ತೇನೆ, ಊಟಕ್ಕೆ," ಅಂದಳು. "ಪೇಪರ್ ಮನೆಯಲ್ಲೇ ಬರ್ದು, ನಾನೇ ತಿದ್ದಿ ಬರ್ತೇನೆ."

ಹಾಗೇ ಬರುತ್ತಾಳೆ. ನನ್ನ ಬಿಸಿಬೇಳೆಬಾತ್ ಹೊಗಳಿ ಎರಡು ಸಲ ಹಾಕಿಸಿಕೊಳ್ಳುತ್ತಾಳೆ. ಕೆಲವು ವಾರ ಕಣ್ಣು ಕೆಂಪಗಿರುತ್ತದೆ. ಎಷ್ಟು ಬಂತು ಅಂತ ನಾನು ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ.